ನಲವತ್ತೊಂದನೆಯ ಚೀಟಿ

ಶುಕ್ರವಾರ ಸಂಜೆಯೊಳಗೆ ಎಲ್ಲ ಕಟ್ಟಬೇಕು.
ವಾಲ್ಪರೈಸೊದ ಈ ಗುಡ್ಡದ ಮೇಲಿನ ತಗಡಿನ ಮನೆ
ಸೋಮವಾರದಿಂದ ನಮ್ಮದಲ್ಲ.
ಮೂವತ್ತೆರಡು ವರ್ಷ ಇಲ್ಲಿಂದಲೇ ಹಡಗುಗಳಿಗೆ
ಈರುಳ್ಳಿ, ಹಗ್ಗ, ತುಕ್ಕು ತಡೆಯುವ ಕೆಂಪು ಬಣ್ಣ,
ಒಮ್ಮೆ ಒಬ್ಬ ಕಪ್ತಾನನಿಗೆ ಪಿಟೀಲಿನ ಒಂದೇ ಒಂದು ತಂತಿ,
ಕೇಳಿದ್ದನ್ನೆಲ್ಲ ಕಳಿಸಿದ ಕಚೇರಿ
ಈಗ ಕೆಳಗೆ, ಸಮತಟ್ಟಿಗೆ,
ಕಿಟಕಿ ತೆರೆಯಲಾಗದ ಗಾಜಿನ ಕಟ್ಟಡಕ್ಕೆ.

ಕೇಬಲ್ಲು ಬಿಚ್ಚುವುದು ನನ್ನ ಪಾಲು.
ಮೊದಲು ಫೋಟೊ ತೆಗೆ, ಆಮೇಲೆ ಕೀಳು:
ಇಷ್ಟೇ ನನ್ನ ವೇದಾಂತ.
ಯಾವ ಬಾಲ ಯಾವ ತೂತಿಗೆ ಅಂತ
ಬಿಳಿ ಪಟ್ಟಿ ಸುತ್ತಿ ಬರೆಯುತ್ತೇನೆ.
ಮೇಜಿನ ಕೆಳಗೆ ಮಂಡಿಯೂರಿ ಅರ್ಧ ದಿನ,
ಯಾರದೋ ಸಿಕ್ಕುಗಟ್ಟಿದ ಜಡೆ ಬಿಡಿಸುತ್ತ,
ಎಳೆದರೆ ನೋವಾದೀತು ಅನ್ನುವ ಹಾಗೆ.

ಕೀಬೋರ್ಡು ಬೋರಲು ಹಾಕಿ ತಟ್ಟಿದರೆ
ಎದೆಲ್ಮೀರಾಳ ಹನ್ನೊಂದು ವರ್ಷದ ಮಧ್ಯಾಹ್ನಗಳು
ಉದುರುತ್ತವೆ: ಎಂಪನಾದದ ಪುಡಿ, ಉಗುರಿನ ಚೂರು,
ಕಿವಿಯೋಲೆಯ ಒಂದು ತಿರುಪು.
"ಅಯ್ಯೋ, ಇದಕ್ಕಾಗಿ ನಾದಿನಿಯ ಮೇಲೆ
ಕಳ್ಳತನ ಹೊರಿಸಿದ್ದೆನಲ್ಲೇ!"
ತಿರುಪನ್ನು ನಾಲಿಗೆಯಡಿ ಇಟ್ಟುಕೊಂಡಂತೆ
ಸಂಜೆವರೆಗೂ ಮಾತಾಡಲಿಲ್ಲ.

ಭೂಮಿ ಕುಲುಕುವ ಊರು ನಮ್ಮದು.
ಪ್ರತಿ ಪರದೆಯನ್ನೂ ಗೋಡೆಗೆ ಪಟ್ಟಿ ಹಾಕಿ ಬಿಗಿದಿದ್ದೆವು.
ಬಿಚ್ಚಿದೊಡನೆ ಒಂದೊಂದೂ ಕೊಂಚ ಮುಂದೆ ಬಾಗಿತು,
ಮದುವೆಯೂಟದ ಮೇಲೆ ಬೆಲ್ಟು ಸಡಿಲಿಸಿದವರ ಹಾಗೆ.

ದೋನ್ ರುಪೇರ್ತೊ ಗಂಟೆಗೊಮ್ಮೆ ಬರುತ್ತಾರೆ.
ಪಟ್ಟಿಯಲ್ಲಿ ಇಪ್ಪತ್ತೇಳು ಯಂತ್ರ.
ಎಣಿಸಿದರೆ ಇಪ್ಪತ್ತೆಂಟು.
ಕಡಿಮೆಯಾಗಿದ್ದರೆ ಬೈಯಬಹುದಿತ್ತು.
ಹೆಚ್ಚಾದದ್ದಕ್ಕೆ ಯಾರನ್ನು ಬೈಯುವುದು?

ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟುಗಳ ಹಿಂದೆ
ಹಳದಿಗಟ್ಟಿದ ಒಂದು, ಗುಂಯ್ ಅನ್ನುತ್ತಿತ್ತು.
ಹಣೆಯ ಮೇಲೆ ಚೀಟಿ:
'ಆರಿಸಬೇಡಿ. ಬಲ್ದೊಮೇರೊ.'
ಬಲ್ದೊಮೇರೊ ತೀರಿಕೊಂಡು ಆರು ಚಳಿಗಾಲ.
ಯಾಕೆ ಆರಿಸಬಾರದು ಅಂತ ಬರೆದಿರಲಿಲ್ಲ.
ಆದ್ದರಿಂದ ಯಾರೂ ಆರಿಸಿರಲಿಲ್ಲ.

ಪರದೆ ಸಿಕ್ಕಿಸಿ ನೋಡಿದೆ.
ಬೆಳಗಿನ ಜಾವ ಐದೂವರೆಗೆ ಎದ್ದು
ಬಂದರಿನಿಂದ ಉಬ್ಬರ ಇಳಿತದ ಲೆಕ್ಕ ತರಿಸಿ
ಒಂದು ಹಾಳೆಗೆ ಇಳಿಸಿ, ಕೊನೆಗೆ ಒಂದು ಸಾಲು:
'ಗೊದೊಫ್ರೇದೊ, ಇವತ್ತು ಇಷ್ಟು ಹೊತ್ತಿಗೆ ಮೊದಲು ದೋಣಿ ಇಳಿಸು.'
ಹೊತ್ತು ಮಾತ್ರ ದಿನಾ ಬೇರೆ.
ಹಾಳೆ ಹೋಗಬೇಕಿದ್ದ ಪ್ರಿಂಟರನ್ನು
ಐದು ವರ್ಷದ ಹಿಂದೆ ನಾನೇ ಗುಜರಿಗೆ ಹಾಕಿದ್ದು.
ಸರತಿಯಲ್ಲಿ ಕಾದು ನಿಂತಿದ್ದವು
ಸಾವಿರದ ಎಂಟುನೂರ ಎಪ್ಪತ್ತಮೂರು ಬೆಳಗು.

ಗೊದೊಫ್ರೇದೊ ದೋಣಿ ಮಾರಿದ್ದಾನೆ,
ಈಗ ಗುಡ್ಡದ ರೈಲಿನ ಬುಡದಲ್ಲಿ ಲಾಟರಿ ಮಾರುತ್ತಾನೆ.
"ಹಾಗಾದರೆ ಬಿಸಾಕು" ಅಂದರು ದೋನ್ ರುಪೇರ್ತೊ.
ಅವರಿಗೆ ಹೇಗೆ ಹೇಳುವುದು,
ಇಷ್ಟು ವರ್ಷ ತಿರುಗಿದ ಡಿಸ್ಕು
ಒಮ್ಮೆ ಕೂತರೆ ಮತ್ತೆ ಏಳದಿರಬಹುದು ಅಂತ.
ನಕಲು ತೆಗೆದಿಟ್ಟೆ. ನಕಲಿನಲ್ಲಿ ಎಲ್ಲ ಇದೆ.
ಆದರೂ ಬೆರಳು ಗುಂಡಿಯ ಮೇಲೆ
ಬಹಳ ಹೊತ್ತು ಸುಮ್ಮನೆ ಕೂತಿತ್ತು.

ಒತ್ತಿದೆ.
ಮಹಡಿಯಲ್ಲಿ ಏಳು ಜನ ಒಟ್ಟಿಗೆ ತಲೆಯೆತ್ತಿದರಂತೆ.
"ಏನೋ ನಿಂತಿತಲ್ಲ?" "ಫ್ರಿಜ್ಜಾ?"
ಇದ್ದಾಗ ಯಾರಿಗೂ ಕೇಳಿಸದಿದ್ದದ್ದು
ಇಲ್ಲವಾದಾಗ ಎಲ್ಲರ ಕಿವಿಗೂ ಬಿತ್ತು.

ಲಾರಿಗೆ ಹಾಕಲು ಮನಸ್ಸಾಗಲಿಲ್ಲ.
ಹಳೆಯ ಕಂಬಳಿ ಸುತ್ತಿ, ನಲವತ್ತೊಂದು ಅಂತ ಅಂಟಿಸಿ,
'ಒಳಗೇನು' ಅನ್ನುವ ಕಡೆ ಏನೂ ಬರೆಯದೆ
ತೊಡೆಯ ಮೇಲಿಟ್ಟುಕೊಂಡು ಗುಡ್ಡದ ರೈಲಿನಲ್ಲಿ ಇಳಿದೆ.
ಕೆಳಗೆ ಗೊದೊಫ್ರೇದೊ ಚೀಟಿ ಚಾಚಿದ:
"ಯಾಸ್ನಾ, ಇವತ್ತೇ ಡ್ರಾ."
ಕೈ ಖಾಲಿ ಇಲ್ಲ ಅಂತ ತೋರಿಸಿದೆ.
ಕಂಬಳಿಯ ಮೇಲೆ ಅಂಗೈ ಇಟ್ಟು ನೋಡಿದ.
"ಬೆಚ್ಚಗಿದೆಯಲ್ಲ," ಅಂದ. "ಬೆಕ್ಕಾ?"